ಸಂತೆಯಲ್ಲಿ ಸಲ್ಲುವ ಮಾತು ಶಾಲೆಯಲ್ಲೇಕೆ ಸಲ್ಲದು?

ರಾಯಚೂರು ಜಿಲ್ಲೆಯ ಮಸ್ಕಿ ತಾಲ್ಲೂಕಿನಲ್ಲಿ ಸಂತೆಕಲ್ಲೂರು ಎಂಬ ಗ್ರಾಮವಿದೆ. ಬೇಸಾಯವನ್ನು ಕುರಿತು ಕನ್ನಡದಲ್ಲಿ ‘ಕೃಷಿ ಜ್ಞಾನ ಪ್ರದೀಪಿಕೆ’ ಎಂಬ ಗ್ರಂಥವನ್ನು ರಚಿಸಿದ ಘನಮಠದ ಶಿವಯೋಗಿಗಳ ಹೆಸರಿನೊಡನೆ ಈ ಊರಿನ ಹೆಸರೂ ಬೆಸೆದುಕೊಂಡಿದೆ. ಊರಿನ ಹೆಸರಿನ ಮೊದಲಲ್ಲಿಯೇ ಸಂತೆಯುಂಟು. ಸಂತೆಯೆಂದರೇನೆಂಬುದನ್ನು ವಾಚಕರಿಗೆ ಬೇರೆಯಾಗಿ ತಿಳಿಸಬೇಕಾಗಿಲ್ಲ. ಆದರೆ ಈ ಸೀಮೆಯ ಸಂತೆಗೆ ಒಂದು ವಿಶೇಷವಿದೆ. ಜನರ ನಡುವೆ ಒಂದು ಗಳಿಗೆ ಕಿವಿಗೊಟ್ಟು ನಿಂತವನಿಗೆ ಕನ್ನಡ, ಉರ್ದು, ತೆಲುಗು, ಲಂಬಾಣಿ ಎಂಬ ನಾಲ್ಕು ನುಡಿಗಳೂ ಕೇಳಿಬರುವುವು. ಸಿಂಧನೂರಿನ ಕಡೆಗೆ ನಡೆದರೆ ಬಂಗಾಳಿಯೂ ಅವುಗಳೊಡನೆ ಸೇರುವುದು. ಮೆಣಸಿನಕಾಯಿಯ ರಾಶಿಯ ಮುಂದೆ ಕುಳಿತ ಹೆಂಗಸು ಗಿರಾಕಿಯ ಮುಖ ನೋಡಿ ಮಾತನ್ನು ಬದಲಿಸುವಳು. ಇದನ್ನು ಅವಳಿಗೆ ಯಾವ ಗುರುವೂ ಕಲಿಸಲಿಲ್ಲ. ವ್ಯಾಪಾರ ನಡೆಯಬೇಕಾದರೆ ಎದುರಿಗೆ ನಿಂತವನ ಮಾತು ತನಗೆ ತಿಳಿಯಬೇಕು, ತನ್ನ ಮಾತು ಅವನಿಗೆ ಮುಟ್ಟಬೇಕು ಎಂಬುದಷ್ಟೇ ಅವಳು ಬಲ್ಲ ಶಾಸ್ತ್ರ.

ಅದೇ ತಾಯಿಯ ಮಗು ಮರುದಿನ ಶಾಲೆಗೆ ಹೋಗುವುದು. ಅಲ್ಲಿ ಉಪಾಧ್ಯಾಯರ ನುಡಿ ಒಂದೇ, ಪುಸ್ತಕದ ನುಡಿ ಒಂದೇ. ತಾಂಡದಿಂದ ಬಂದ ಮಗುವಿಗೆ ಮನೆಯಲ್ಲಿ ಗೊತ್ತಿದ್ದ ವಸ್ತುಗಳೆಲ್ಲ ಇಲ್ಲಿ ಹೊಸ ಹೆಸರು ಹೊತ್ತು ನಿಂತಿರುವುವು. ಮಗು ಸುಮ್ಮನಾಗುವುದು. ಒಂದು ತಿಂಗಳು, ಎರಡು ತಿಂಗಳು ಕಾದು ನೋಡಿದ ಉಪಾಧ್ಯಾಯರು ‘ಮಂದಬುದ್ಧಿ’ ಎಂದು ತೀರ್ಮಾನಿಸುವರು. ಮಗುವಿನ ಬುದ್ಧಿಗೆ ಏನೂ ಆಗಿಲ್ಲ, ತಾನು ಅದರ ನುಡಿಯನ್ನು ಅರಿತಿಲ್ಲ ಎಂಬ ಸಂಶಯ ಅವರಿಗೆ ಬಾರದಿರುವುದೂ ಉಂಟು. ಇಂತಹ ತೀರ್ಮಾನದ ಭಾರವನ್ನು ಆ ಮಗು ಎಷ್ಟು ವರ್ಷ ಹೊರುವುದೋ ಯಾರು ಬಲ್ಲರು?

ಉಪಾಧ್ಯಾಯರನ್ನು ದೂರುವುದು ಈ ಲೇಖನದ ಉದ್ದೇಶವಲ್ಲ. ಬಗೆಬಗೆಯ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿಕೊಂಡು ಪಾಠ ಹೇಳುವುದು ಹೇಗೆಂಬುದನ್ನು ಅವರಿಗಾದರೂ ಯಾರು ತೋರಿಸಿದರು? ತಾನು ಕಲಿತ ರೀತಿಯಲ್ಲಿಯೇ ಕಲಿಸುವುದು ಮನುಷ್ಯನ ಸಹಜ ಸ್ವಭಾವ. ಆ ರೀತಿಯನ್ನು ಬಿಟ್ಟು ಇನ್ನೊಂದನ್ನು ಕಾಣಬೇಕಾದರೆ ತನ್ನ ಊರು, ತನ್ನ ತರಗತಿಗಳಿಂದ ಒಮ್ಮೆ ಹೊರಗೆ ಕಾಲಿಡಬೇಕು. ಶಿಕ್ಷಕರಾಗಲು ಓದುತ್ತಿರುವವರನ್ನು ಪರದೇಶಗಳಿಗೆ ಕಳುಹಿಸಿ, ಅಲ್ಲಿಯವರನ್ನು ಇಲ್ಲಿಗೆ ಬರಮಾಡಿಕೊಂಡು, ಭಿನ್ನ ಮಕ್ಕಳನ್ನು ಒಳಗೊಳ್ಳುವ ಬಗೆಯನ್ನು ಪರಸ್ಪರ ಕಲಿಸಿಕೊಡುವ ಯೋಜನೆಗಳು ಹುಟ್ಟಿದ್ದು ಈ ಕಾರಣದಿಂದಲೇ. ಅವುಗಳ ಕಥೆಯಲ್ಲಿ ನಮ್ಮ ನಾಡಿಗೂ ಒಂದು ಪಾಲಿದೆ.

ಬಂಡೆಯ ಮೇಲಿನ ಪಾಠ

ದೂರದ ದೇಶಗಳಿಗೆ ಹೋಗುವ ಮುನ್ನ ಹತ್ತಿರದ ಮಸ್ಕಿಯಲ್ಲಿ ಒಂದು ಕ್ಷಣ ನಿಲ್ಲೋಣ. ೧೯೧೫ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಇಲ್ಲಿಯ ಬಂಡೆಯೊಂದರ ಮೇಲೆ ಪ್ರಾಚೀನ ಅಕ್ಷರಗಳನ್ನು ಕಂಡರು. ಅಶೋಕ ಎಂಬ ಹೆಸರನ್ನೇ ನೇರವಾಗಿ ಹೇಳುವ ಮೌರ್ಯಶಾಸನ ವಿದ್ವಾಂಸರಿಗೆ ಮೊದಲು ದೊರೆತದ್ದು ಇಲ್ಲಿಯೇ. ಚರಿತ್ರೆಯ ವಿದ್ಯಾರ್ಥಿಗಳೆಲ್ಲರೂ ಇಷ್ಟನ್ನು ಬಲ್ಲರು. ಆ ಶಾಸನದ ಒಳಗಿನ ಮಾತು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಧರ್ಮದಲ್ಲಿ ನಿರತನಾದರೆ ಸಣ್ಣವನೂ ಈ ಗುರಿಯನ್ನು ಮುಟ್ಟಬಲ್ಲನು, ದೊಡ್ಡವರಿಗಷ್ಟೇ ಇದು ಸಾಧ್ಯವೆಂದು ತಿಳಿಯಬಾರದು ಎಂಬುದು ಅದರ ಆಶಯ. ಇಂದು ಶಿಕ್ಷಣಶಾಸ್ತ್ರಜ್ಞರು ‘ಸಮನ್ವಯ ಶಿಕ್ಷಣ’ವೆಂದು ಕರೆಯುವ ತತ್ತ್ವದ ತಿರುಳೂ ಇದೇ.

ಆ ಮಾತನ್ನು ಕೊರೆದದ್ದು ಪ್ರಾಕೃತದಲ್ಲಿ, ಬ್ರಾಹ್ಮೀ ಲಿಪಿಯಲ್ಲಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನವನ್ನು ಬರೆದ ಚಪಡನೆಂಬ ಲಿಪಿಕಾರನು ಕೊನೆಯ ಪದವನ್ನು ವಾಯವ್ಯ ಭಾರತದ ಖರೋಷ್ಠೀ ಲಿಪಿಯಲ್ಲಿ ಬರೆದು, ತಾನು ಬಂದ ದಿಕ್ಕಿನ ಗುರುತನ್ನು ಬಿಟ್ಟುಹೋಗಿದ್ದಾನೆ. ಹೊರಗಿನಿಂದ ಬಂದ ಉಪದೇಶವು ಊರವರ ಮನಸ್ಸಿಗೆ ಮುಟ್ಟುವುದು ಹೇಗೆಂಬ ಪ್ರಶ್ನೆ ಈ ಸೀಮೆಗೆ ಎರಡು ಸಾವಿರ ವರ್ಷಗಳಿಗಿಂತ ಹಳೆಯದು.

ಒಂದು ಸೀಮೆ, ಐದು ನುಡಿ

ಇಲ್ಲಿ ಇಷ್ಟು ನುಡಿಗಳು ನೆರೆದದ್ದು ಹೇಗೆ? ರಾಯಚೂರು ಜಿಲ್ಲೆಯು ೧೯೫೬ರ ನವೆಂಬರ್ ೧ರವರೆಗೆ ಹೈದರಾಬಾದ್ ಸಂಸ್ಥಾನಕ್ಕೂ ಅನಂತರ ಅದೇ ಹೆಸರಿನ ರಾಜ್ಯಕ್ಕೂ ಸೇರಿತ್ತು. ನಿಜಾಮರ ಆಳ್ವಿಕೆಯಲ್ಲಿ ಮೇಲಿನ ತರಗತಿಗಳ ವಿದ್ಯೆ ಉರ್ದುವಿನಲ್ಲಿ ನಡೆಯಿತು. ೧೯೧೮ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನೆಯೂ ಉರ್ದುವಿನಲ್ಲಿಯೇ. ಮನೆಯಲ್ಲಿ ಕನ್ನಡ ಮಾತನಾಡುತ್ತಿದ್ದ ಹುಡುಗನು ಗಣಿತವನ್ನೂ ಚರಿತ್ರೆಯನ್ನೂ ತನ್ನದಲ್ಲದ ನುಡಿಯಲ್ಲಿ ಕಲಿಯಬೇಕಾಯಿತು. ಕಲಿಯಲಾರದವನು ಶಾಲೆಯನ್ನೇ ಬಿಟ್ಟನು. ೧೯೨೦ರ ಆಸುಪಾಸಿನಲ್ಲಿ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಂದರ್ದ್ ಶಾಲೆಯನ್ನು ತೆರೆದದ್ದು ಇಂತಹ ಕಾಲದಲ್ಲಿ. ಹಂದರ್ದ್ ಎಂದರೆ ನೋವಿನಲ್ಲಿ ಜೊತೆಯಾಗುವವನು ಎಂದರ್ಥ. ಶಾಲೆಗೆ ಇದಕ್ಕಿಂತ ತಕ್ಕ ಹೆಸರು ದೊರೆಯುವುದು ಕಷ್ಟ.

೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಹರಿಯತೊಡಗಿತು. ಎಡದಂಡೆ ಕಾಲುವೆಯ ಸೆರಗಿನ ಎರೆಭೂಮಿಯನ್ನು ಅರಸಿ ಆಂಧ್ರದ ಕರಾವಳಿ ಜಿಲ್ಲೆಗಳ ರೈತರು ಬಂದು ನೆಲೆಸಿದರು. ಸಿಂಧನೂರಿನ ಸುತ್ತ ಹೆಜ್ಜೆಹೆಜ್ಜೆಗೂ ಕಾಣುವ ‘ಕ್ಯಾಂಪು’ಗಳು ಅವರವು. ಅಂದಿನ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೂ ಸರ್ಕಾರವು ಸಿಂಧನೂರಿನ ಬಳಿಯಲ್ಲಿಯೇ ಪುನರ್ವಸತಿ ಕಲ್ಪಿಸಿತು. ಲಿಂಗಸುಗೂರಿನ ಕಡೆಯ ತಾಂಡಗಳಲ್ಲಿ ತನಗೇ ಆದ ಲಿಪಿಯಿಲ್ಲದ ಲಂಬಾಣಿ ನುಡಿ ತಾಯಿಯಿಂದ ಮಗುವಿಗೆ ಬಾಯಿಮಾತಿನಲ್ಲಿಯೇ ಇಳಿದುಬಂದಿದೆ.

ಇದರಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಅಂದು ಉರ್ದುವಿನ ಮುಂದೆ ಬಾಯಿ ಕಟ್ಟಿ ಕುಳಿತಿದ್ದವನು ಕನ್ನಡದ ಹುಡುಗ. ಇಂದು ಕನ್ನಡದ ಮುಂದೆ ಹಾಗೆಯೇ ಕುಳಿತಿರುವವನು ತಾಂಡದ ಹುಡುಗ. ಅಜ್ಜನ ಅವಮಾನವನ್ನು ನೆನಪಿನಲ್ಲಿ ಇಟ್ಟುಕೊಂಡಿರುವ ಸೀಮೆಯು ಈ ಮಗುವಿನ ಮೌನವನ್ನು ಉಳಿದವರಿಗಿಂತ ಬೇಗ ಅರ್ಥಮಾಡಿಕೊಳ್ಳಬೇಡವೆ? ರಾಜ್ಯಗಳ ಪುನರ್ವಿಂಗಡಣೆಯಾದ ೧೯೫೬ರಲ್ಲಿಯೇ ಸಂವಿಧಾನಕ್ಕೆ ೩೫೦-ಎ ವಿಧಿಯನ್ನು ಸೇರಿಸಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಕಲ್ಪಿಸಲು ಯತ್ನಿಸಬೇಕೆಂದು ವಿಧಿಸಲಾಯಿತು. ಕಾನೂನಿನ ಮಾತನ್ನು ತರಗತಿಯ ಒಳಗೆ ತರಬೇಕಾದವನು ಮಾತ್ರ ಉಪಾಧ್ಯಾಯನೇ.

ಹರಾರೆಯ ಎರಡು ವಾರ

ನುಡಿಯ ಭೇದವೊಂದೇ ಅಲ್ಲ. ಕಣ್ಣು ಕಾಣದ ಮಗು, ಕಿವಿ ಕೇಳದ ಮಗು, ನಿಧಾನವಾಗಿ ಕಲಿಯುವ ಮಗು, ಇವರೂ ಶಾಲೆಯ ಹೊಸ್ತಿಲಿನಲ್ಲಿಯೇ ಉಳಿದವರು. ಬಹುಕಾಲ ಅವರಿಗೆ ಪ್ರತ್ಯೇಕ ಶಾಲೆಯೊಂದೇ ದಾರಿಯಾಗಿತ್ತು. ಮೈಸೂರಿನಲ್ಲಿ ೧೯೦೧ರಷ್ಟು ಹಿಂದೆಯೇ ಕಿವುಡ ಹಾಗೂ ಅಂಧ ಮಕ್ಕಳ ಶಾಲೆ ಆರಂಭವಾದದ್ದು ಹೆಮ್ಮೆಯ ಸಂಗತಿ. ಆದರೆ ಮೈಸೂರಿನ ಶಾಲೆ ಸಂತೆಕಲ್ಲೂರಿನ ಮಗುವಿಗೆ ಎಷ್ಟು ದೂರ! ಊರಿನ ಸಾಮಾನ್ಯ ಶಾಲೆಯೇ ಆ ಮಗುವನ್ನು ಸೇರಿಸಿಕೊಳ್ಳಬೇಕು, ಅದಕ್ಕಾಗಿ ಸಾಮಾನ್ಯ ಉಪಾಧ್ಯಾಯನೇ ಸಿದ್ಧನಾಗಬೇಕು ಎಂಬ ವಿಚಾರವು ಜಗತ್ತಿನಲ್ಲಿ ಬಲಗೊಂಡದ್ದು ಕಳೆದ ಶತಮಾನದ ಕೊನೆಯ ಭಾಗದಲ್ಲಿ.

ಈ ಸಿದ್ಧತೆಗಾಗಿ ಯುನೆಸ್ಕೋ ಸಂಸ್ಥೆಯು ೧೯೮೮ರಲ್ಲಿ ಒಂದು ಯೋಜನೆಯನ್ನು ಕೈಗೊಂಡಿತು. ಅದರ ನಿರ್ದೇಶನದ ಹೊಣೆ ಹೊತ್ತವರು ಬ್ರಿಟನ್ನಿನ ಮೆಲ್ ಐನ್‌ಸ್ಕೋ. ೧೯೯೦ರ ಏಪ್ರಿಲ್‌ನಲ್ಲಿ ಜಿಂಬಾಬ್ವೆ ದೇಶದ ರಾಜಧಾನಿ ಹರಾರೆಯಲ್ಲಿ ಎಂಟು ದೇಶಗಳ ಪ್ರತಿನಿಧಿಗಳು ಎರಡು ವಾರ ಕಲೆತರು: ಕೆನಡಾ, ಚಿಲಿ, ಭಾರತ, ಜೋರ್ಡಾನ್, ಕೆನ್ಯಾ, ಮಾಲ್ಟಾ, ಸ್ಪೇನ್ ಮತ್ತು ಜಿಂಬಾಬ್ವೆ. ಬಂದವರು ವಿದ್ಯಾರ್ಥಿಗಳಲ್ಲ, ಶಿಕ್ಷಕರನ್ನು ತಯಾರಿಸುವವರು. ಆದರೂ ಅಲ್ಲಿ ಅವರನ್ನು ವಿದ್ಯಾರ್ಥಿಗಳಂತೆಯೇ ಕೂರಿಸಲಾಯಿತು. ಮೊದಲ ವಾರ ಸ್ಥಳೀಯ ಉಪಾಧ್ಯಾಯರೊಡನೆ ಗುಂಪುಗಳಲ್ಲಿ ಕಲೆತು, ತಾವು ಮುಂದೆ ಕಲಿಸಬೇಕಾದ ರೀತಿಯಲ್ಲಿಯೇ ತಾವು ಕಲಿತರು. ಎರಡನೆಯ ವಾರ ತಂತಮ್ಮ ದೇಶಗಳಲ್ಲಿ ಅದನ್ನು ಪರೀಕ್ಷಿಸುವ ಬಗೆಯನ್ನು ಚರ್ಚಿಸಿದರು.

ಅಲ್ಲಿಂದ ಹೊರಟ ಮುಖ್ಯ ವಿಚಾರವೊಂದನ್ನು ಸರಳವಾಗಿ ಹೀಗೆ ಹೇಳಬಹುದು. ಮಗು ಕಲಿಯದಿದ್ದಾಗ ‘ಈ ಮಗುವಿನಲ್ಲಿ ಯಾವ ಕೊರತೆಯಿದೆ?’ ಎಂದು ಕೇಳುವುದು ಹಳೆಯ ರೂಢಿ. ‘ನನ್ನ ಪಾಠದಲ್ಲಿ ಯಾವುದು ಈ ಮಗುವಿಗೆ ಅಡ್ಡವಾಗಿದೆ?’ ಎಂದು ಕೇಳಿಕೊಳ್ಳುವುದು ಹೊಸ ದಾರಿ. ಮೊದಲ ಪ್ರಶ್ನೆಗೆ ಉತ್ತರ ದೊರೆತರೂ ಉಪಾಧ್ಯಾಯನ ಕೈಯಲ್ಲಿ ಮಾಡುವುದು ಹೆಚ್ಚೇನೂ ಉಳಿಯುವುದಿಲ್ಲ. ಎರಡನೆಯದಕ್ಕೆ ಉತ್ತರ ದೊರೆತರೆ ನಾಳೆ ಬೆಳಗ್ಗೆಯೇ ಏನನ್ನಾದರೂ ಬದಲಿಸಬಹುದು.

ಭಾರತದಲ್ಲಿ ರಾಷ್ಟ್ರೀಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಪರಿಷತ್ತಿನ ಎನ್.ಕೆ. ಜಂಗೀರ ಮೊದಲಾದವರು ಈ ಕೆಲಸವನ್ನು ಮುಂದುವರಿಸಿದರು. ೧೯೯೧ರಿಂದ ದೇಶದ ಇಪ್ಪತ್ತಕ್ಕೂ ಹೆಚ್ಚು ಶಿಕ್ಷಕ ತರಬೇತಿ ಸಂಸ್ಥೆಗಳಲ್ಲಿ ಇದನ್ನು ಪ್ರಯೋಗಿಸಿ ನೋಡಲಾಯಿತು. ೧೯೯೪ರ ಜೂನ್‌ನಲ್ಲಿ ಸ್ಪೇನಿನ ಸಲಮಾಂಕಾ ನಗರದಲ್ಲಿ ೯೨ ಸರ್ಕಾರಗಳ ಪ್ರತಿನಿಧಿಗಳು ಸೇರಿ, ಸಾಮಾನ್ಯ ಶಾಲೆಯು ಎಲ್ಲ ಮಕ್ಕಳಿಗೂ ತೆರೆದಿರಬೇಕೆಂದು ಘೋಷಿಸಿದಾಗ, ಆ ಘೋಷಣೆಯ ಹಿಂದೆ ಇಂತಹ ತರಗತಿಗಳ ಅನುಭವವೂ ಇತ್ತು.

ಕೋಟೆಯಿಂದ ಹೊರಟ ಉಪಾಧ್ಯಾಯರು

ಅಂತರರಾಷ್ಟ್ರೀಯ ಸಮ್ಮೇಳನಗಳ ಮಾತು ಹಳ್ಳಿಯ ಉಪಾಧ್ಯಾಯನಿಗೆ ದೂರದ ಗುಡುಗಿನಂತೆ ಕೇಳಿಸಬಹುದು. ಆದುದರಿಂದ ನಮ್ಮ ನಾಡಿನದೇ ಒಂದು ನಿದರ್ಶನವನ್ನು ಮುಂದಿಡುತ್ತೇನೆ.

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಕಾಡಂಚಿನ ತಾಲ್ಲೂಕು. ಜೇನುಕುರುಬರ ಮಕ್ಕಳು, ಕೂಲಿಯವರ ಮಕ್ಕಳು, ನಾಲ್ಕು ದಿನ ಬಂದರೆ ಹತ್ತು ದಿನ ಬಾರದ ಮಕ್ಕಳು. ಇವರೆಲ್ಲರನ್ನೂ ಒಬ್ಬಿಬ್ಬರು ಉಪಾಧ್ಯಾಯರು ನಿಭಾಯಿಸಬೇಕಾದ ಶಾಲೆಗಳು. ಅತ್ತ ಆಂಧ್ರಪ್ರದೇಶದ ಮದನಪಲ್ಲಿಯ ಸಮೀಪದ ಋಷಿವ್ಯಾಲಿಯಲ್ಲಿ ಪದ್ಮನಾಭರಾವ್ ಮತ್ತು ರಮಾ ದಂಪತಿಗಳು ಏಕೋಪಾಧ್ಯಾಯ ಶಾಲೆಗಳಿಗಾಗಿ ಒಂದು ಹೊಸ ಕ್ರಮವನ್ನು ರೂಪಿಸಿದ್ದರು. ೧೯೯೫ರಲ್ಲಿ ಯೂನಿಸೆಫ್ ಸಂಸ್ಥೆಯ ನೆರವಿನಿಂದ ಹೆಗ್ಗಡದೇವನಕೋಟೆಯ ಉಪಾಧ್ಯಾಯರ ತಂಡವೊಂದು ಆ ಶಾಲೆಗಳನ್ನು ನೋಡಿಬಂದಿತು. ಅಲ್ಲಿ ಪಾಠ ನಡೆಯುತ್ತಿದ್ದುದು ತೆಲುಗಿನಲ್ಲಿ. ಇವರು ತಂದದ್ದು ಅಲ್ಲಿಯ ಪುಸ್ತಕಗಳನ್ನಲ್ಲ, ಕ್ರಮವನ್ನು. ಊರಿಗೆ ಮರಳಿ, ಕನ್ನಡದ ಮಕ್ಕಳಿಗೆ ಒಪ್ಪುವಂತೆ ತಾವೇ ಕಾರ್ಡುಗಳನ್ನು ಬರೆದರು, ಚಿತ್ರಗಳನ್ನು ಆರಿಸಿದರು, ಹಾಡು ಆಟಗಳನ್ನು ಸೇರಿಸಿದರು. ‘ನಲಿ-ಕಲಿ’ ಹುಟ್ಟಿದ್ದು ಹೀಗೆ.

ನಲಿ-ಕಲಿಯ ತರಗತಿಯಲ್ಲಿ ಸಾಲುಬೆಂಚುಗಳಿಲ್ಲ. ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕೂರುವರು. ಗೋಡೆಯ ಮೇಲೆ ಕಲಿಕೆಯ ಏಣಿ ಇರುವುದು. ಪ್ರತಿ ಮೆಟ್ಟಿಲಿಗೂ ಒಂದು ಚಿತ್ರದ ಗುರುತು. ಮಗು ತಾನು ನಿಂತ ಮೆಟ್ಟಿಲನ್ನು ತಾನೇ ಗುರುತಿಸಿ, ಅದಕ್ಕೆ ತಕ್ಕ ಕಾರ್ಡನ್ನು ತೆಗೆದುಕೊಂಡು, ತನ್ನ ಗುಂಪಿಗೆ ಹೋಗಿ ಕೂರುವುದು. ಒಂದು ಗುಂಪಿಗೆ ಉಪಾಧ್ಯಾಯರ ಪೂರ್ಣ ನೆರವು, ಇನ್ನೊಂದಕ್ಕೆ ಜೊತೆಗಾರರ ನೆರವು, ಮತ್ತೊಂದರಲ್ಲಿ ಮಗು ಸ್ವತಃ ಕಲಿಯುವುದು. ಹದಿನೈದು ದಿನ ಶಾಲೆಗೆ ಬಾರದ ಮಗು ಮರಳಿ ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಮೇಲೇರುವುದು. ‘ನೀನು ಹಿಂದೆ ಬಿದ್ದೆ’ ಎಂದು ಅದಕ್ಕೆ ಯಾರೂ ಹೇಳುವುದಿಲ್ಲ. ದುಡಿಮೆಗಾಗಿ ತಿಂಗಳುಗಟ್ಟಲೆ ಊರು ಬಿಡುವ ಕುಟುಂಬಗಳಿರುವ ರಾಯಚೂರಿನಂತಹ ಜಿಲ್ಲೆಗೆ ಇದರ ಬೆಲೆ ಎಷ್ಟೆಂಬುದನ್ನು ವಾಚಕರೇ ಊಹಿಸಬಹುದು. ೨೦೦೯-೧೦ರ ಹೊತ್ತಿಗೆ ಈ ಕ್ರಮವು ರಾಜ್ಯದ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳ ಕೆಳಗಿನ ತರಗತಿಗಳಿಗೆ ವಿಸ್ತರಿಸಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಋಷಿವ್ಯಾಲಿಯ ಏಣಿಯನ್ನು ನೋಡಲು ಜರ್ಮನಿಯ ರೇಗನ್ಸ್‌ಬುರ್ಗ್ ಮತ್ತು ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾನಿಲಯಗಳ ಶಿಕ್ಷಣಶಾಸ್ತ್ರಜ್ಞರು ಬಂದರು. ಅವರ ಕೈಕೆಳಗೆ ಶಿಕ್ಷಕವೃತ್ತಿಗೆ ಓದುತ್ತಿದ್ದ ಯುವಕ ಯುವತಿಯರೂ ಬಂದರು. ಅವರ ನಾಡಿನ ತರಗತಿಗಳಲ್ಲಿಯೂ ಬೇರೆಬೇರೆ ದೇಶಗಳಿಂದ ವಲಸೆ ಬಂದವರ ಮಕ್ಕಳು ಕುಳಿತಿರುವರು. ವಿಕಲಚೇತನ ಮಕ್ಕಳನ್ನು ಸಾಮಾನ್ಯ ಶಾಲೆಗೆ ಸೇರಿಸಿಕೊಳ್ಳುವ ಪ್ರಶ್ನೆ ಅಲ್ಲಿಯೂ ಇದೆ. ಒಂದೇ ಕೊಠಡಿ, ಹಲವು ವಯಸ್ಸು, ಹಲವು ಮಟ್ಟ ಎಂಬ ಸಮಸ್ಯೆಗೆ ಬಡ ಹಳ್ಳಿಯ ಶಾಲೆ ಕಂಡುಕೊಂಡ ಪರಿಹಾರವನ್ನು ಅವರು ತಮ್ಮ ದೇಶಕ್ಕೆ ಕೊಂಡೊಯ್ದರು. ವಿದ್ಯೆ ಪಶ್ಚಿಮದಿಂದ ಪೂರ್ವಕ್ಕೆ ಮಾತ್ರ ಹರಿಯುವುದೆಂದು ನಂಬಿದವರು ಈ ಸಂಗತಿಯನ್ನು ಎರಡು ಬಾರಿ ಓದಿಕೊಳ್ಳಬೇಕು.

ಹೋಗಿ ಬರುವುದರ ಲಾಭನಷ್ಟ

ಹಾಗಾದರೆ ವಿನಿಮಯವೆಂದರೆ ಎಲ್ಲವೂ ಶುಭವೆ? ಎಚ್ಚರಿಕೆಯ ಎರಡು ಮಾತುಗಳನ್ನು ಹೇಳದಿದ್ದರೆ ತಪ್ಪಾದೀತು.

ಮೊದಲನೆಯದು, ಯಾತ್ರೆ ಬೇರೆ, ಅಭ್ಯಾಸ ಬೇರೆ. ಹತ್ತು ಶಾಲೆಗಳನ್ನು ಐದು ದಿನಗಳಲ್ಲಿ ಸುತ್ತಿ, ಹಾರ ಹಾಕಿಸಿಕೊಂಡು, ಮಕ್ಕಳೊಡನೆ ಭಾವಚಿತ್ರ ತೆಗೆಸಿಕೊಂಡು ಬಂದವರು ತಂದುಕೊಡುವುದು ಭಾವಚಿತ್ರಗಳನ್ನು ಮಾತ್ರ. ಒಂದೇ ತರಗತಿಯ ಮೂಲೆಯಲ್ಲಿ ಹದಿನೈದು ದಿನ ಕುಳಿತು, ಒಂದು ಮಗು ಯಾವಾಗ ಮಾತನಾಡಿತು, ಯಾವಾಗ ಸುಮ್ಮನಾಯಿತು ಎಂಬುದನ್ನು ಬರೆದುಕೊಂಡವನು ಏನನ್ನಾದರೂ ಕಲಿತಾನು. ಅದರಲ್ಲಿಯೂ ನುಡಿ ಅರಿಯದ ನಾಡಿನಲ್ಲಿ ಕುಳಿತಾಗ ಅವನಿಗೆ ಇನ್ನೊಂದು ಅಮೂಲ್ಯ ಅನುಭವವಾಗುವುದು. ಎಲ್ಲರೂ ನಗುತ್ತಿರುವಾಗ ಏಕೆಂದು ತನಗೆ ತಿಳಿಯದು. ಪ್ರಶ್ನೆ ತನ್ನ ಕಡೆ ಬಂದಾಗ ಎದೆ ಡವಡವಿಸುವುದು. ತನ್ನ ಊರಿನ ಶಾಲೆಯಲ್ಲಿ ತಾಂಡದ ಮಗುವಿಗೆ ದಿನದಿನವೂ ಆಗುತ್ತಿದ್ದುದು ಇದೇ ಎಂಬುದು ಆಗ ಅವನಿಗೆ ಹೊಳೆಯುವುದು. ಯಾವ ಪಠ್ಯಪುಸ್ತಕವೂ ಈ ಅರಿವನ್ನು ಕೊಡಲಾರದು.

ಎರಡನೆಯದು, ಕಂಡದ್ದನ್ನು ಹಾಗೆಯೇ ನೆಡಲಾಗದು. ಇಟಲಿ ದೇಶವು ೧೯೭೭ರ ಶಾಸನದಿಂದ ಪ್ರತ್ಯೇಕ ತರಗತಿಗಳನ್ನು ತೆಗೆದುಹಾಕಿ, ವಿಕಲಚೇತನ ಮಕ್ಕಳನ್ನು ಎಲ್ಲರೊಡನೆ ಕೂರಿಸಿ, ತರಗತಿಗೆ ಸಹಾಯಕ ಶಿಕ್ಷಕರನ್ನು ಕೊಟ್ಟಿತು. ಅದೇ ವರ್ಷ ಸ್ವೀಡನ್ ದೇಶವು ವಲಸೆ ಬಂದವರ ಮಕ್ಕಳಿಗೆ ಮನೆಮಾತಿನ ಪಾಠವನ್ನು ಏರ್ಪಡಿಸುವ ಹೊಣೆಯನ್ನು ಸ್ಥಳೀಯ ಆಡಳಿತಗಳಿಗೆ ವಹಿಸಿತು. ಇವನ್ನು ನೋಡಿ ಬಂದವನು ‘ನಮ್ಮಲ್ಲಿ ಇಷ್ಟು ಜನ ಶಿಕ್ಷಕರೆಲ್ಲಿ, ಇಷ್ಟು ಹಣವೆಲ್ಲಿ?’ ಎಂದು ನಿಟ್ಟುಸಿರು ಬಿಟ್ಟರೆ ಪ್ರಯೋಜನವಿಲ್ಲ. ಹೆಗ್ಗಡದೇವನಕೋಟೆಯವರು ಗೆದ್ದದ್ದು ತಂದ ಕ್ರಮವನ್ನು ಬಿಚ್ಚಿ ತಾವೇ ಮತ್ತೆ ಹೊಲಿದುದರಿಂದ. ಅದೇ ನಲಿ-ಕಲಿಯು ಬೇರೆ ಕಡೆಗಳಲ್ಲಿ ಮೇಲಿನ ಆಜ್ಞೆಯಾಗಿ ಬಂದಾಗ, ಹೊಲಿಯುವ ಸಂತೋಷವಿಲ್ಲದ ಉಪಾಧ್ಯಾಯನಿಗೆ ಅದು ಭರ್ತಿಮಾಡಬೇಕಾದ ನಮೂನೆಗಳ ಕಟ್ಟಾಗಿಯೂ ಕಂಡಿತು.

ಇವೆರಡಕ್ಕಿಂತ ದೊಡ್ಡ ಪ್ರಶ್ನೆ ಮತ್ತೊಂದಿದೆ: ಹೋಗುವವರು ಯಾರು? ಯುರೋಪಿನಲ್ಲಿ ೧೯೮೭ರಲ್ಲಿ ಆರಂಭವಾದ ಎರಾಸ್ಮಸ್ ಯೋಜನೆಯಿಂದಾಗಿ ಅಲ್ಲಿಯ ಶಿಕ್ಷಕ ವಿದ್ಯಾರ್ಥಿಯು ನೆರೆದೇಶದಲ್ಲಿ ಒಂದು ಅವಧಿ ಓದಿ ಬರುವುದು ಸಾಮಾನ್ಯ ಸಂಗತಿಯಾಗಿದೆ. ನಮ್ಮಲ್ಲಿ ಅಂತಹ ಅವಕಾಶ ಒದಗಿದರೂ ಅದು ಮಹಾನಗರದ, ಇಂಗ್ಲಿಷ್ ಬಲ್ಲ, ಶುಲ್ಕ ತೆರಬಲ್ಲ ವಿದ್ಯಾರ್ಥಿಯ ಬಾಗಿಲನ್ನು ಮೊದಲು ತಟ್ಟುವುದು. ತಾಂಡದಿಂದಲೇ ಬಂದು ತರಬೇತಿ ಪಡೆಯುತ್ತಿರುವ ಹುಡುಗಿ, ಒಂದು ಕಣ್ಣಿನ ದೃಷ್ಟಿಯಿಲ್ಲದ ಹುಡುಗ, ಇಂತಹವರು ಪಟ್ಟಿಯಲ್ಲಿ ಇರುವುದಿಲ್ಲ. ಎಲ್ಲರನ್ನೂ ಒಳಗೊಳ್ಳುವುದನ್ನು ಕಲಿಸುವ ಯೋಜನೆಯು ತಾನೇ ಕೆಲವರನ್ನು ಹೊರಗಿಟ್ಟರೆ ಅದನ್ನು ಏನೆಂದು ಕರೆಯೋಣ?

ಹತ್ತಿರದ ವಿದೇಶ

ಹಾಗೆಂದು ಹಡಗು ವಿಮಾನಗಳಿಗಾಗಿ ಕಾಯುತ್ತ ಕೂರಬೇಕಾಗಿಲ್ಲ. ಮೈಸೂರಿನಲ್ಲಿ ೧೯೬೯ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನವು ತನ್ನ ಪ್ರಾದೇಶಿಕ ಭಾಷಾ ಕೇಂದ್ರಗಳ ಮೂಲಕ ಒಂದು ರಾಜ್ಯದ ಉಪಾಧ್ಯಾಯರಿಗೆ ಇನ್ನೊಂದು ರಾಜ್ಯದ ನುಡಿಯನ್ನು ಹತ್ತು ತಿಂಗಳ ಶಿಕ್ಷಣದಲ್ಲಿ ಕಲಿಸುತ್ತ ಬಂದಿದೆ. ಉತ್ತರದಿಂದ ಬಂದ ಎಷ್ಟೋ ಉಪಾಧ್ಯಾಯರು ಮೈಸೂರಿನಲ್ಲಿ ಕನ್ನಡ ಕಲಿತು ಹೋಗಿದ್ದಾರೆ. ಭುವನೇಶ್ವರದ ಕೇಂದ್ರ ಬಂಗಾಳಿಯನ್ನು ಕಲಿಸಿದೆ. ಸಿಂಧನೂರಿನ ಕ್ಯಾಂಪಿನ ಉಪಾಧ್ಯಾಯನೊಬ್ಬನು ಅಲ್ಲಿ ಬಂಗಾಳಿ ಕಲಿತು ಬಂದು, ಮೊದಲ ದಿನ ಶಾಲೆಗೆ ಬಂದ ಮಗುವನ್ನು ಅದರ ನುಡಿಯಲ್ಲಿಯೇ ಮಾತನಾಡಿಸಿದನೆಂದು ಊಹಿಸಿಕೊಳ್ಳಿ. ಆ ಮಗು ಮುಂದೆ ಕಲಿಯುವ ಕನ್ನಡವು ಭಯದ ಕನ್ನಡವಾಗಿರುವುದಿಲ್ಲ.

ಇನ್ನೂ ಹತ್ತಿರದ ದಾರಿಯೂ ಉಂಟು. ಬಿ.ಎಡ್. ಶಿಕ್ಷಣವು ೨೦೧೫ರಿಂದ ಎರಡು ವರ್ಷಗಳದಾಯಿತು. ಎಲ್ಲರನ್ನೂ ಒಳಗೊಳ್ಳುವ ಶಾಲೆಯನ್ನು ಕಟ್ಟುವುದು ಹೇಗೆಂಬ ವಿಷಯವೂ ಅದರ ಪಠ್ಯಕ್ರಮವನ್ನು ಸೇರಿತು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯು ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿ ಬೋಧಿಸಬೇಕೆಂದಿದೆ. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯು ೨೧ ಬಗೆಯ ವೈಕಲ್ಯಗಳನ್ನು ಗುರುತಿಸಿ, ಅಂತಹ ಮಕ್ಕಳು ಉಳಿದವರೊಡನೆ ಕಲಿಯಬೇಕೆಂದಿದೆ. ಪಠ್ಯವಿದೆ, ಕಾನೂನಿದೆ, ಪರೀಕ್ಷೆಯಲ್ಲಿ ಅಂಕಗಳೂ ಇವೆ. ಇಲ್ಲದಿರುವುದು ಕಣ್ಣಾರೆ ಕಾಣುವ ಅವಕಾಶ. ಮಂಗಳೂರಿನ ಶಿಕ್ಷಕ ವಿದ್ಯಾರ್ಥಿನಿಯೊಬ್ಬಳು ಒಂದು ತಿಂಗಳು ಮಸ್ಕಿ ಲಿಂಗಸುಗೂರುಗಳ ತಾಂಡದ ಶಾಲೆಯಲ್ಲಿ ಇರಲಿ. ರಾಯಚೂರಿನ ವಿದ್ಯಾರ್ಥಿಯೊಬ್ಬನು ತುಳು, ಕೊಂಕಣಿ, ಬ್ಯಾರಿ ಮನೆಮಾತಿನ ಮಕ್ಕಳಿರುವ ಕರಾವಳಿಯ ಶಾಲೆಯಲ್ಲಿ ಇರಲಿ. ಇಬ್ಬರೂ ಕನ್ನಡದವರೇ, ಆದರೂ ಇಬ್ಬರಿಗೂ ಅದು ವಿದೇಶವೇ ಆಗುವುದು. ಅಲ್ಲಿ ಪಳಗಿದ ಕಣ್ಣು ಮುಂದೆ ಹರಾರೆಗೆ ಹೋದರೂ ರೇಗನ್ಸ್‌ಬುರ್ಗಿಗೆ ಹೋದರೂ ನೋಡಬೇಕಾದುದನ್ನು ನೋಡುವುದು.

ಮತ್ತು ಅಲ್ಲಿಯವರು ಇಲ್ಲಿಗೆ ಬರಲಿ. ಐದು ನುಡಿಗಳ ಮಕ್ಕಳು ನೆರೆಹೊರೆಯಲ್ಲಿ ಬೆಳೆಯುವ ಈ ಸೀಮೆಯಲ್ಲಿ ಅವರು ಕಲಿಯಬಹುದಾದದ್ದು ಬೇಕಾದಷ್ಟಿದೆ. ತೋರಿಸಲು ನಾವು ಶಾಲೆಯೊಂದನ್ನೇ ಆರಿಸಿಕೊಳ್ಳಬೇಕಾಗಿಲ್ಲ. ಅವರನ್ನು ಮೊದಲು ಸಂತೆಗೆ ಕರೆದೊಯ್ದು, ಮೆಣಸಿನಕಾಯಿಯ ರಾಶಿಯ ಮುಂದೆ ಕುಳಿತ ಆ ಹೆಂಗಸಿನ ಬಳಿ ಅರ್ಧ ಗಂಟೆ ನಿಲ್ಲಿಸೋಣ. ಗಿರಾಕಿಗೆ ತನ್ನ ಮಾತು ಬಾರದೆಂದು ಅವಳು ಯಾರನ್ನೂ ಮಂದಬುದ್ಧಿಯೆಂದು ಕರೆದದ್ದಿಲ್ಲ, ಯಾರನ್ನೂ ಬರಿಗೈಯಲ್ಲಿ ಕಳುಹಿಸಿದ್ದೂ ಇಲ್ಲ. ಅಲ್ಲಿಂದ ಅವರೂ ನಾವೂ ಒಟ್ಟಿಗೆ ಶಾಲೆಯ ಕಡೆಗೆ ನಡೆಯೋಣ.